ಚಿತ್ರವಿಲ್ಲದ ಹಾಳೆ

ಚುನಾವಣೆ ಬಂತೆಂದರೆ ನಮ್ಮ ಬೀದಿಯ ಕೊನೆಯ ಕಾಂಪೌಂಡ್ ಗೋಡೆಗೆ ಪೋಸ್ಟರ್ ಅಂಟಿಸುವವರು ಬರುತ್ತಾರೆ. ಕಳೆದ ಸಲ ಬಂದವರು ರಸ್ತೆಬದಿಯಲ್ಲೇ ಮೂರು ಕಲ್ಲು ಹೂಡಿ, ತುಕ್ಕು ಹಿಡಿದ ಡಬ್ಬದಲ್ಲಿ ಮೈದಾಹಿಟ್ಟಿನ ಅಂಟು ಕುದಿಸುತ್ತಿದ್ದರು. ಹಾಲು ತರಲು ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಹಸಿ ಹಿಟ್ಟು ಬೆಂದು ತಳ ಹಿಡಿಯುವ ವಾಸನೆ, ಅದರ ಹಿಂದೆಯೇ ಮೈಲುತುತ್ತದ ಒಗರು. ಇಲಿ ಜಿರಳೆ ಮುಟ್ಟದಿರಲೆಂದು ಅಂಟಿಗೆ ಆ ನೀಲಿ ಹರಳನ್ನು ಚಿಟಿಕೆಯಷ್ಟು ಹಾಕುತ್ತಾರೆ. ಈಗಿನವರಿಗೂ ಅದು ಗೊತ್ತಿದೆಯಲ್ಲ ಎಂದು ಆಶ್ಚರ್ಯವಾಯಿತು. ನಿಮ್ಮ ಬಾಲ್ಯದ ಮನೆಗೆ ಹುರಿದ ಕಾಫಿಬೀಜದ್ದೋ ಮಲ್ಲಿಗೆಯದ್ದೋ ವಾಸನೆ ಇದ್ದೀತು. ನಮ್ಮ ಮನೆಗೆ ಇದ್ದದ್ದು ಈ ಅಂಟಿನ ವಾಸನೆ. ನನ್ನ ಲಂಗದಲ್ಲಿ, ಜಡೆಯಲ್ಲಿ, ಶಾಲೆಯ ಪುಸ್ತಕದಲ್ಲಿ ಅದು ಇತ್ತು, ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯರು ಮೂಗು ಮುರಿಯುತ್ತಿದ್ದರು. ಆಗ ನಾಚಿಕೆಯಾಗುತ್ತಿತ್ತು. ಅಂದು ಆ ಡಬ್ಬದ ಮುಂದೆ ನಿಂತು ಎದೆತುಂಬ ಎಳೆದುಕೊಂಡೆ. ಪೋಸ್ಟರಿನವನು, 'ಏನಾಗಬೇಕಿತ್ತು ಅಮ್ಮಾವ್ರೇ' ಎಂದ. ಏನೂ ಇಲ್ಲವೆಂದು ಹೊರಟುಬಂದೆ.

ನಮ್ಮ ಮನೆ ಇದ್ದದ್ದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ನಾಡಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ, ಪಕ್ಕದಲ್ಲಿ ಕುದುರೆ ಕಟ್ಟುವ ಕೊಟ್ಟಿಗೆ. ಅಪ್ಪ ಜಟಕಾ ಹೊಡೆಯುತ್ತಿದ್ದ. ಆ ಜಾಗದಲ್ಲಿ ಈಗ ಮೂರು ಮಹಡಿಯ ಕಟ್ಟಡವಿದೆ, ಕೆಳಗೆ ಮೊಬೈಲ್ ಅಂಗಡಿ. ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಚೆನ್ನತ್ತೆ ಕೂತಿರುತ್ತಿದ್ದಳು. ಚೆನ್ನಮ್ಮ ಅಪ್ಪನ ಅಕ್ಕ. ಇಲವಾಲದ ಕಡೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ, ಐದು ವರ್ಷದ ಮಗ ಸಿದ್ದರಾಜುವನ್ನು ಕಂಕುಳಲ್ಲಿ ಎತ್ತಿಕೊಂಡು ತಮ್ಮನ ಮನೆಗೆ ಬಂದವಳು. ಸ್ವಾತಂತ್ರ್ಯ ಬಂದ ವರ್ಷವೇ ಅದು. ಊರೆಲ್ಲ ಬಾವುಟ ಹಿಡಿದು ಮೆರವಣಿಗೆ ಹೊರಟಿದ್ದಾಗ ತಾನು ಟ್ರಂಕು ಹೊತ್ತು ಎದುರಿನಿಂದ ಬರುತ್ತಿದ್ದೆನೆಂದೂ, ಯಾರೋ ಒಬ್ಬರು ಸಿದ್ದನ ಕೈಗೆ ಒಂದು ಕಾಗದದ ಬಾವುಟ ಕೊಟ್ಟರೆಂದೂ ಅತ್ತೆ ಹೇಳುತ್ತಿದ್ದಳು. ತಮ್ಮನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಲು ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಅಂಗಡಿಗಳಿಗೆ ಕಾಗದದ ಪೊಟ್ಟಣ ಮಾಡಿಕೊಡುವ ಕೆಲಸ ಹಿಡಿದಳು.

ಹಳೆಯ ಪತ್ರಿಕೆಗಳ ಕಟ್ಟನ್ನು ಅಪ್ಪ ಜಟಕಾದಲ್ಲಿ ಹೇರಿಕೊಂಡು ಬರುತ್ತಿದ್ದ. ಒಂದು ವಾಚನಾಲಯದವರು ತಿಂಗಳಿಗೊಮ್ಮೆ ಓದಿ ಮುಗಿಸಿದ್ದನ್ನೆಲ್ಲ ಕೊಡುತ್ತಿದ್ದರು, ಉಳಿದದ್ದು ವಕೀಲರ ಬಂಗಲೆಗಳಿಂದ. ಅತ್ತೆ ಪೂರಾ ಹಾಳೆಯನ್ನು ಮಡಿಸಿ, ಹೆಬ್ಬೆರಳಿನಲ್ಲಿ ಗೆರೆ ಒತ್ತಿ, ಬಿದಿರಿನ ಸಿಬಿರು ಆಡಿಸಿ ಎರಡು ಮಾಡುತ್ತಿದ್ದಳು. ಕೆಳಗಿನ ಅರ್ಧಗಳ ರಾಶಿ ಒಂದು ಕಡೆ, ಮೇಲಿನ ಅರ್ಧಗಳದ್ದು ಇನ್ನೊಂದು ಕಡೆ. ಮೊದಲು ಕೆಳಗಿನವು ಪೊಟ್ಟಣವಾಗಬೇಕು, ಮೇಲಿನವು ಮಾರನೆಯ ದಿನಕ್ಕೆ. ಹೀಗೇ ಏಕೆ ಎಂದು ಕೇಳಿದರೆ ಕಾರಣವಿರಲಿಲ್ಲ, ಮೊದಲಿನಿಂದ ಹಾಗೆ ಅಷ್ಟೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಒಂದು ಕಟ್ಟುನಿಟ್ಟಿತ್ತು. ದೇವರ ಚಿತ್ರವಿದ್ದ ಹಾಳೆ, ಮಹಾರಾಜರ ಚಿತ್ರವಿದ್ದ ಹಾಳೆ, ಮಕ್ಕಳ ಚಿತ್ರವಿದ್ದ ಹಾಳೆಗಳಿಗೆ ಸಿಬಿರು ತಾಕಿಸುತ್ತಿರಲಿಲ್ಲ. ಅವನ್ನು ತೆಗೆದು ಗೋಡೆಯ ಎತ್ತರದಲ್ಲಿದ್ದ ಹಲಗೆಯ ನಾಗಂದಿಗೆಯ ಮೇಲಿಡುತ್ತಿದ್ದಳು. ಮಂತ್ರಿಗಳ ವಿಷಯದಲ್ಲಿ ಅವಳ ಧೋರಣೆ ಆಗಾಗ ಬದಲಾಗುತ್ತಿತ್ತು. ಸಂಸ್ಥಾನ ಹೋಗಿ ಕನ್ನಡ ನಾಡೆಲ್ಲ ಒಂದಾದ ಹೊಸದರಲ್ಲಿ ಅವರನ್ನೂ ಮೇಲಿಡುತ್ತಿದ್ದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಹುರಿಗಡಲೆಯ ಪೊಟ್ಟಣವಾಗಿ ಮಾರುಕಟ್ಟೆ ಸೇರುತ್ತಿದ್ದರು. 'ಇವರು ಶಾನೆ ಜನ ಆಗ್ಬುಟ್ರು ಕಣವ್ವ, ಎಲ್ಲಿಕ್ಕಾನ?' ಎನ್ನುತ್ತಿದ್ದಳು. ಒಟ್ಟಿನಲ್ಲಿ ಚಿತ್ರವಿದ್ದರೆ ಯೋಚಿಸಬೇಕು, ಚಿತ್ರವಿಲ್ಲದಿದ್ದರೆ ಕತ್ತರಿಸಬಹುದು. ಅವಳ ಕಾನೂನು ಇಷ್ಟೇ ಇತ್ತು.

ನಾನು ಶಾಲೆಯಿಂದ ಬಂದು, ಮುದ್ದೆ ಉಂಡು, ಜಗಲಿಯ ಮೇಲೆ ಅವಳ ಎದುರು ಕೂತು ಕೈಗೆ ಸಿಕ್ಕ ಹಾಳೆಯನ್ನು ಗಟ್ಟಿಯಾಗಿ ಓದಬೇಕು. ನಮ್ಮ ಮನೆಯಲ್ಲಿ, ಊರು ಸುತ್ತುವ ಸಿದ್ದರಾಜುವನ್ನು ಬಿಟ್ಟರೆ, ಅಕ್ಷರ ಬಲ್ಲವಳು ನಾನೊಬ್ಬಳೇ ಆದ್ದರಿಂದ ನನಗೆ ಅದೊಂದು ದೊಡ್ಡ ದರ್ಬಾರು. ಅವ್ವ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು, ಅಪ್ಪ ಕುದುರೆಗೆ ಹುಲ್ಲು ಹಾಕುತ್ತ ಕೇಳುತ್ತಿದ್ದ. ಪತ್ರಿಕೆಗಳು ತಿಂಗಳಷ್ಟು ಹಳೆಯವು. ಹಾಗಾಗಿ ನಮ್ಮ ಮನೆಯಲ್ಲಿ ದೇಶ ಒಂದು ತಿಂಗಳು ಹಿಂದೆ ನಡೆಯುತ್ತಿತ್ತು. ಜಂಬೂಸವಾರಿ ಮುಗಿದು ಆನೆಗಳು ಕಾಡು ಸೇರಿದ ಮೇಲೆ ನಮ್ಮಲ್ಲಿ ದಸರೆಯ ಸಿದ್ಧತೆ. ಚುನಾವಣೆಯಲ್ಲಿ ಗೆದ್ದವರ ತಮಟೆ ಬೀದಿಯಲ್ಲಿ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೂ ಅತ್ತೆ, 'ಪೇಪರ್ ಬರ್ಲಿ, ಆಮೇಲೆ ನೋಡಾನ' ಎನ್ನುವಳು. ಹೋಟೆಲಿನ ರೇಡಿಯೋ ಎಂದರೆ ಅವಳಿಗೆ ನಂಬಿಕೆಯಿಲ್ಲ. 'ಸುದ್ದಿ ವಸಿ ಆರ್ಬೇಕು ಕಣವ್ವ. ಆರಿದ್ಮೇಲೆ ಸುಳ್ಳೆಲ್ಲ ತಳದಾಗೆ ಕೂತಿರ್ತದೆ' ಎಂದು ಅಂಟಿನ ಡಬ್ಬದಲ್ಲಿ ಕಡ್ಡಿ ತಿರುವುತ್ತ ಹೇಳುತ್ತಿದ್ದಳು. ನನಗೂ ಅದು ಸರಿಯೆನಿಸುತ್ತಿತ್ತು.

ಸಿದ್ದರಾಜುವನ್ನು ನಾನು ಸಿದ್ದಣ್ಣ ಎನ್ನುತ್ತಿದ್ದೆ. ನನಗಿಂತ ಒಂಬತ್ತು ವರ್ಷ ದೊಡ್ಡವನು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆಂಟು ಸಿನಿಮಾಕ್ಕೆ ಒಯ್ಯುತ್ತಿದ್ದ. ಸಿನಿಮಾಕ್ಕಿಂತ ಮುಂಚೆ ತೋರಿಸುವ ಸರ್ಕಾರದ ಸುದ್ದಿ ಚಿತ್ರ ಅವನಿಗೆ ಇಷ್ಟ. ಅದರಲ್ಲಿ ಅಣೆಕಟ್ಟೆ, ರೈಲು, ಸಾಲಾಗಿ ನಡೆಯುವ ಸೈನಿಕರು ಬರುತ್ತಿದ್ದರು. ಒಂದು ದಿನ ಯಾರಿಗೂ ಹೇಳದೆ ಹೋಗಿ ಸೈನ್ಯಕ್ಕೆ ಹೆಸರು ಕೊಟ್ಟು ಬಂದ. ಅತ್ತೆ ಮೂರು ದಿನ ಅವನ ಹತ್ತಿರ ಮಾತಾಡಲಿಲ್ಲ. ನಾಲ್ಕನೆಯ ದಿನ ಅವನ ಟ್ರಂಕಿಗೆ ಚಕ್ಕುಲಿ, ರಾಗಿ ಹುರಿಹಿಟ್ಟು ತುಂಬಿದಳು. ಅವನು ರಜೆಯಲ್ಲಿ ಬಂದದ್ದು ಒಂದೇ ಸಲ. ಉಣ್ಣೆಯ ಕೋಟು ಹಾಕಿಕೊಂಡು ಮೈಸೂರಿನ ಬಿಸಿಲಲ್ಲಿ ಬೆವರುತ್ತ ಕೊಪ್ಪಲನ್ನೆಲ್ಲ ಸುತ್ತಿದ. ಹೋಗುವಾಗ ನನಗೆ, 'ನನ್ ಕಾಗದ ಬಂದ್ರೆ ಅವ್ವಂಗೆ ನಿಧಾನ್ವಾಗಿ ಓದ್ಬೇಕು, ಗೊತ್ತಾಯ್ತಾ' ಎಂದ. ನಾನು ದೊಡ್ಡವಳಂತೆ ತಲೆಯಾಡಿಸಿದೆ.

ಸಿದ್ದಣ್ಣನಿದ್ದ ಚೀನಾ ಗಡಿಯಲ್ಲಿ ಯುದ್ಧ ಹತ್ತಿದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಶಾಲೆಯಲ್ಲಿ ನಮ್ಮಿಂದ ಸೈನಿಕರಿಗೆ ಕಾಲುಚೀಲ ಹೆಣೆಸಿದರು. ಹೋಟೆಲಿನ ರೇಡಿಯೋ ಮುಂದೆ ಜನ ರಸ್ತೆಯವರೆಗೆ ನಿಲ್ಲುತ್ತಿದ್ದರು, ಯಾರೂ ಕಾಫಿ ಕೇಳುತ್ತಿರಲಿಲ್ಲ. ನಮ್ಮವರು ಹಿಂದೆ ಸರಿಯುತ್ತಿದ್ದಾರೆ ಎಂದು ನಾನು ಅಲ್ಲಿ ಕೇಳಿಸಿಕೊಂಡು ಮನೆಗೆ ಬಂದರೆ, ಜಗಲಿಯ ಮೇಲಿದ್ದ ಪತ್ರಿಕೆಯಲ್ಲಿ ಯುದ್ಧ ಇನ್ನೂ ಶುರುವೇ ಆಗಿರಲಿಲ್ಲ. ನಮ್ಮ ಗಡಿ ಭದ್ರವಾಗಿದೆ ಎಂದು ಅದರಲ್ಲಿತ್ತು. ನಾನು ಅದನ್ನೇ ಓದಿದೆ. ಅತ್ತೆಯ ಮುಖ ಅರಳಿತು, 'ಇನ್ನೊಂದ್ಸಲ ಓದ್ಬುಡವ್ವ' ಎಂದಳು. ಆ ತಿಂಗಳು ಪೂರ್ತಿ ನಾನು ಅವಳಿಗೆ ಓದಿದ್ದು ನಿಜವಾದ ಸುದ್ದಿಯೇ. ಆದರೆ ಅದರ ಕಾಲ ಮುಗಿದುಹೋಗಿತ್ತು. ಇದು ನನಗೆ ಗೊತ್ತಿತ್ತು, ಅವಳಿಗೆ ಹೇಳಲಿಲ್ಲ.

ಯುದ್ಧ ನಿಂತ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ ಬಂತು. ನನಗೆ ಪೂರ್ತಿ ಅರ್ಥವಾಗಲಿಲ್ಲ. ನಮ್ಮ ಶಾಲೆಯ ಟೀಚರು ಓದಿ, ಸಿದ್ದರಾಜು ಕಾಣೆಯಾಗಿದ್ದಾನೆ, ಬೇರೇನೂ ತಿಳಿದುಬಂದಿಲ್ಲ ಎಂದು ಬರೆದಿದ್ದಾರೆ ಎಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಚೆನ್ನತ್ತೆ ಅಳಲಿಲ್ಲ. 'ಕಾಣ್ತಿಲ್ಲ ಅಂದವ್ರೆ. ಇಲ್ಲ ಅಂದಿಲ್ವಲ್ಲ' ಎಂದು ಆ ಕಾಗದವನ್ನು ನಾಗಂದಿಗೆಯ ಮೇಲೆ ದೇವರ ಹಾಳೆಗಳ ಜೊತೆ ಇಟ್ಟಳು. ಸೆರೆ ಸಿಕ್ಕವರನ್ನು ಚೀನಾದವರು ತಂಡತಂಡವಾಗಿ ಬಿಡುತ್ತಿದ್ದಾರೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಅತ್ತೆಗೆ ಆ ಒಂದು ಮಾತು ಸಾಕಾಗಿತ್ತು. ಸಂಜೆ ಅಪ್ಪನ ಜಟಕಾದ ಗೆಜ್ಜೆ ಕೇಳಿಸಿದಾಗಲೆಲ್ಲ ಎದ್ದು ನಿಲ್ಲುವಳು, ರೈಲ್ವೆ ಸ್ಟೇಷನ್ನಿನಿಂದ ಅವನನ್ನು ಕೂರಿಸಿಕೊಂಡು ಬಂದಿರಬಹುದೆಂದು. ಅಪ್ಪ ಇಳಿಯುವ ಮೊದಲೇ ದೂರದಿಂದ ತಲೆ ಅಲ್ಲಾಡಿಸಿಬಿಡುತ್ತಿದ್ದ.

ಹೀಗೆ ಕೆಲವು ತಿಂಗಳು ಕಳೆದಿದ್ದವು. ಒಂದು ಮಧ್ಯಾಹ್ನ ಶಾಲೆಯಿಂದ ಬಂದು, ಮಾರನೆಯ ದಿನಕ್ಕೆಂದು ಎತ್ತಿಟ್ಟ ಮೇಲಿನ ಅರ್ಧಗಳ ರಾಶಿಯಿಂದ ಒಂದನ್ನು ತೆಗೆದು ಓದತೊಡಗಿದೆ. ತಲೆಬರಹವನ್ನು ಎರಡು ಸಲ ಓದಿದೆ. ಸೆರೆಯಿಂದ ಬಿಡುಗಡೆಯಾದ ಯೋಧರು, ಮೈಸೂರು ರಾಜ್ಯದವರ ಹೆಸರುಗಳು ಎಂದಿತ್ತು. ಅತ್ತೆಯ ಕೈ ಅಂಟಿನಲ್ಲೇ ನಿಂತಿತು. ನಾನು ಹೆಸರು, ಊರು ಒಂದೊಂದಾಗಿ ಓದಿದೆ. ಏಳು ಹೆಸರಾದ ಮೇಲೆ ಹಾಳೆ ಮುಗಿಯಿತು. ಎಂಟನೆಯ ಹೆಸರಿನ ತಲೆಕಟ್ಟುಗಳು ಮಾತ್ರ ಅಂಚಿನಲ್ಲಿ ಕಾಣುತ್ತಿದ್ದವು, ಸಿಬಿರು ಅದರ ಮೇಲೇ ಹಾದುಹೋಗಿತ್ತು. 'ಮುಂದಕ್ಕೆ ಓದು' ಎಂದಳು ಅತ್ತೆ. ಮುಂದಕ್ಕೆ ಇಲ್ಲ ಎಂದೆ. ಅವಳು ಹಾಳೆಯನ್ನು ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬರೀ ಅಕ್ಷರ. ಒಂದು ಮುಖ ಇಲ್ಲ, ಒಂದು ಬಂದೂಕು ಇಲ್ಲ. ಒಬ್ಬನೇ ಒಬ್ಬ ಸೈನಿಕನ ಚಿತ್ರವಿದ್ದಿದ್ದರೆ ಆ ಹಾಳೆ ನಾಗಂದಿಗೆ ಸೇರುತ್ತಿತ್ತು. 'ಪಟ ಇರ್ನಿಲ್ಲ ಕಣವ್ವ, ಪಟ ಇರ್ನಿಲ್ಲ' ಎಂದು ಎರಡು ಸಲ ಹೇಳಿದಳು. ಕೆಳಗಿನ ಅರ್ಧಗಳೆಲ್ಲ ಆ ಬೆಳಿಗ್ಗೆಯೇ ಪೊಟ್ಟಣವಾಗಿ, ಒಣಗಿ, ಅಪ್ಪನ ಜಟಕಾದಲ್ಲಿ ಅಂಗಡಿಗಳಿಗೆ ಹೋಗಿದ್ದವು.

ಅಂಟು ಮೆತ್ತಿದ ಕೈಯಲ್ಲೇ ಅತ್ತೆ ನನ್ನ ರಟ್ಟೆ ಹಿಡಿದುಕೊಂಡು ಬೀದಿಗಿಳಿದಳು. ಮೊದಲು ಮಾದಪ್ಪನ ದಿನಸಿ ಅಂಗಡಿ. ಮಾದಪ್ಪ ಸಿಡುಕ, ಒಂದು ಪೊಟ್ಟಣ ಹರಿದಿದ್ದರೂ ವಾಪಸ್ಸು ಕಳಿಸುವವನು. ಅಂದು ವಿಷಯ ಕೇಳಿ ಕಟ್ಟನ್ನೆಲ್ಲ ನಮ್ಮ ಮುಂದೆ ಸುರಿದ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ಓದುತ್ತಿದ್ದೆ, ಅತ್ತೆ ಅಂಟು ಬಿಡಿಸಿ ಕೊಡುತ್ತಿದ್ದಳು. ಬೆಲ್ಲದ ಬೆಲೆ, ನಾಟಕದ ಜಾಹೀರಾತು, ಮದುವೆಯ ಸುದ್ದಿ, ಎಲ್ಲವೂ ಇತ್ತು. ಬೇಳೆ ಕೊಂಡು ಹೋಗಿದ್ದ ಮನೆಗಳಿಗೆ ಮಾದಪ್ಪನೇ ನಮ್ಮ ಜೊತೆ ಬಂದ. ಹೆಂಗಸರು ಬೇಳೆಯನ್ನು ಮೊರಕ್ಕೆ ಸುರಿದು ಪೊಟ್ಟಣ ಕೊಟ್ಟರು. ಒಬ್ಬಳು ಒಲೆಗೆ ಹಾಕಿದ್ದ ಪೊಟ್ಟಣವನ್ನು ಇಕ್ಕಳದಲ್ಲಿ ಎಳೆದು, ಸುಟ್ಟು ಉಳಿದ ಅಂಚನ್ನು ತಂದು ತೋರಿಸಿದಳು. ಅದೂ ಅಲ್ಲ. ಮಾರನೆಯ ದಿನ ದೇವರಾಜ ಮಾರುಕಟ್ಟೆಯಲ್ಲಿ ಅರಿಸಿನ ಕುಂಕುಮದ ಅಂಗಡಿಗಳನ್ನೂ ಸುತ್ತಿದೆವು. ಅಪ್ಪ ವಾಚನಾಲಯಕ್ಕೆ ಹೋಗಿ ಕೇಳಿದ. ಆ ತಿಂಗಳದ್ದೆಲ್ಲ ನಿಮಗೇ ಕೊಟ್ಟಿದ್ದೇವಲ್ಲ ಎಂದರಂತೆ. ಬಂಗಲೆಗಳಲ್ಲೂ ಆ ದಿನದ್ದು ಉಳಿದಿರಲಿಲ್ಲ. ಟೀಚರು ಸೈನ್ಯದವರಿಗೆ ಒಂದು ಕಾಗದ ಬರೆದು ಹಾಕಿದರು. ಬಂದ ಉತ್ತರದಲ್ಲಿ ಮೊದಲಿನ ಕಾಗದದ ಮಾತುಗಳೇ ಇದ್ದವು.

ಹದಿನೈದು ದಿನವಾಗಿರಬೇಕು. ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಪಕ್ಕದ ಹುಡುಗಿ ಕಡಲೆಕಾಯಿ ತಿನ್ನುತ್ತಿದ್ದಳು. ಪೊಟ್ಟಣದ ಅಂಚಿನಲ್ಲಿ ತೆಳ್ಳಗೆ ಮೈಲುತುತ್ತದ ನೀಲಿ ಕಂಡಿತು. ನಮ್ಮ ಮನೆಯದೇ. ಆಗೆಲ್ಲ ಎಲ್ಲಿ ಪೊಟ್ಟಣ ಕಂಡರೂ ಕೈ ಚಾಚುವುದು ನನಗೆ ಚಟವಾಗಿತ್ತು. ಕಾಳನ್ನು ಅವಳ ಲಂಗಕ್ಕೆ ಸುರಿದು ಬಿಡಿಸಿದೆ. ತಲೆ ತುಂಡಾದ ಎಂಟನೆಯ ಹೆಸರು ಮೇಲೇ ಇತ್ತು. ಉಳಿದಷ್ಟರಲ್ಲೇ ಅದು ಬೇರೆ ಯಾರದೋ ಎಂದು ತಿಳಿಯಿತು. ಒಂದು ಕಡೆ ಸಿ ಕಂಡಿತು, ದ್ದ ಕಂಡಿತು, ಆಮೇಲೆ ಪ್ಪ. ಬಳ್ಳಾರಿ ಕಡೆಯ ಯಾರೋ ಸಿದ್ದಪ್ಪ. ಕೊನೆಯವರೆಗೆ ಮೂರು ಸಲ ಓದಿದೆ. ಸಿದ್ದರಾಜು ಇರಲಿಲ್ಲ. ಕೆಳಗೆ, ಪಟ್ಟಿ ಮುಗಿಯಿತು ಎನ್ನುವ ಹಾಗೆ ಒಂದು ಗೆರೆ ಎಳೆದಿದ್ದರು. ಶಾಲೆಯ ಹಿಂದೆ ಹುಣಸೆಮರದ ಬುಡದಲ್ಲಿ ಆ ಕಾಗದವನ್ನು ಹೂತುಹಾಕಿ, ಕೈ ತೊಳೆದುಕೊಂಡು, ಗಣಿತದ ಪಾಠಕ್ಕೆ ಹೋಗಿ ಕೂತೆ. ಮನೆಗೆ ಬಂದಾಗ ಅತ್ತೆ ದಿನದಂತೆ, 'ಎಲ್ಲಾದ್ರೂ ಸಿಕ್ತಾ?' ಎಂದಳು. ಇಲ್ಲ ಅತ್ತೆ ಎಂದೆ. ಅವಳ ಮುಖದಲ್ಲಿ ನಿರಾಸೆ ಕಾಣಲಿಲ್ಲ, ಸಮಾಧಾನ ಕಂಡಿತು. ಅದನ್ನು ನೋಡಿದ ಮೇಲೆ, ಹೂತದ್ದನ್ನು ಹೂತಲ್ಲೇ ಬಿಟ್ಟೆ.

ಮಾರನೆಯ ವಾರ ಅತ್ತೆ ತನಗೆ ಅಕ್ಷರ ಕಲಿಸೆಂದು ಕೇಳಿದಳು. ಆಗ ದೊಡ್ಡವರಿಗೆ ಓದು ಕಲಿಸುವವರು ಕೊಪ್ಪಲಿಗೇ ಬರುತ್ತಿದ್ದರು. ಅಲ್ಲಿಗೆ ಹೋಗೆಂದರೆ ಒಪ್ಪಲಿಲ್ಲ. 'ನಂಗೆ ಎಲ್ಲಾನೂ ಬ್ಯಾಡ ಕಣವ್ವ. ಅವನ ಹೆಸ್ರಷ್ಟು ಸಾಕು' ಎಂದಳು. ನಾನು ಜಗಲಿಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದೆ. ನಾಲ್ಕೇ ಅಕ್ಷರ. ಅವಳು ಅಂಟಿನ ಬೆರಳಿನಿಂದ ಅದರ ಮೇಲೆ ತಿದ್ದಿ ತಿದ್ದಿ ಎಂಟು ದಿನದಲ್ಲಿ ಕಲಿತಳು. ಎಲ್ಲಿಯೂ ಸಿಗಲಾರದ ಹೆಸರನ್ನು ಹುಡುಕುವುದಕ್ಕೆ ನಾನೇ ಅವಳ ಕೈಹಿಡಿದು ಕಲಿಸುತ್ತಿದ್ದೆ. ನನ್ನ ಜೀವನದಲ್ಲಿ ಆಮೇಲೆ ಎಷ್ಟೋ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟಿದ್ದೇನೆ, ಆ ಎಂಟು ದಿನದಷ್ಟು ಸಂಕಟ ಯಾವತ್ತೂ ಪಟ್ಟಿಲ್ಲ.

ಅಂದಿನಿಂದ ಅವಳ ಕೆಲಸ ನಿಧಾನವಾಯಿತು. ಚಿತ್ರ ನೋಡುವ ಪದ್ಧತಿ ಹೋಯಿತು. ಪ್ರತಿ ಹಾಳೆಯ ಮೇಲೂ ಬೆರಳಿಟ್ಟು, ಸಾಲುಸಾಲಾಗಿ ಇಳಿದು, ಆ ನಾಲ್ಕು ಅಕ್ಷರ ಇಲ್ಲವೆಂದು ಖಾತ್ರಿಯಾದ ಮೇಲೆ ಸಿಬಿರು ಆಡಿಸುವಳು. ಅಂಗಡಿಯವರು ಗೊಣಗಿದರು, ಮಾದಪ್ಪ ಮಾತ್ರ ಗೊಣಗಲಿಲ್ಲ. ನಮ್ಮ ರಾಜ್ಯದಲ್ಲಿ ಅಷ್ಟೊಂದು ಸಿದ್ದರಾಜುಗಳಿದ್ದಾರೆಂದು ನನಗೆ ಗೊತ್ತಾದದ್ದು ಆಗ. ತಾಲ್ಲೂಕು ಬೋರ್ಡಿಗೆ ನಿಂತು ಸೋತ ಸಿದ್ದರಾಜು, ಕುಸ್ತಿಯಲ್ಲಿ ಗೆದ್ದ ಸಿದ್ದರಾಜು, ಭಾಷೆಯ ಗಲಾಟೆಯಲ್ಲಿ ಕಲ್ಲೇಟು ತಿಂದ ಸಿದ್ದರಾಜು, ರೇಷನ್ ಅಕ್ಕಿ ಕದ್ದು ಸಾಗಿಸಿ ಸಿಕ್ಕಿಬಿದ್ದವನು, ಪರ ಊರಿನಲ್ಲಿ ಅಡುಗೆ ಕೆಲಸದಲ್ಲಿದ್ದು ತನಗೆ ಹೆಣ್ಣು ಬೇಕೆಂದು ಜಾಹೀರಾತು ಕೊಟ್ಟವನು. ಪ್ರತಿ ಸಲವೂ ಅತ್ತೆ ಮನೆಯೊಳಗಿದ್ದ ನನ್ನನ್ನು ಕೂಗುವಳು. ನಾನು ಬಂದು ಓದುವ ತನಕ ಬೆರಳು ಆ ಹೆಸರಿನ ಮೇಲೇ ಇರುತ್ತಿತ್ತು. 'ಇವನು ಬೇರೆ ಸಿದ್ದರಾಜು ಅತ್ತೆ' ಎನ್ನುತ್ತಿದ್ದೆ. 'ಇರ್ಲಿ ಬುಡು, ಅವನೂ ಯಾರ್ದೋ ಮಗ' ಎಂದು ಆ ಹಾಳೆಯನ್ನು ಕತ್ತರಿಸದೆ ಪಕ್ಕಕ್ಕಿಡುವಳು. ಆರು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಇನ್ನೊಂದು ಯುದ್ಧ ಬಂದು ಹೋಯಿತು, ಪ್ರಧಾನಿಗಳು ಬದಲಾದರು, ಕೊಪ್ಪಲಿಗೆ ಕರೆಂಟು ಬಂತು, ಜಟಕಾಕ್ಕೆ ಗಿರಾಕಿ ಕಡಿಮೆಯಾದರು.

ನನ್ನ ಮದುವೆ ವಿದ್ಯಾರಣ್ಯಪುರಂ ಕಡೆಗೆ ಗೊತ್ತಾಯಿತು. ಚಪ್ಪರ ಹಾಕುವ ಹಿಂದಿನ ಮಧ್ಯಾಹ್ನ, ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಹೋದ ಮೇಲೆ ಇವಳು ಯಾರನ್ನು ಕೂಗುತ್ತಾಳೆ ಎನ್ನುವ ಯೋಚನೆ ನನ್ನನ್ನು ಕೊಲ್ಲುತ್ತಿತ್ತು. ಹೇಳದೆ ಹೋದರೆ ಸಾಯುವತನಕ ಹೊರಬೇಕು ಎನಿಸಿ ಹೇಳಿಬಿಟ್ಟೆ.

'ಅತ್ತೆ, ಅವತ್ತಿನ ಆ ಇನ್ನರ್ಧ ಹಾಳೆ ನನಗೆ ಸಿಕ್ಕಿತ್ತು.'

ಅವಳ ಕೈ ನಿಂತಿತು. 'ಯಾವಾಗ?'

'ಆವಾಗ್ಲೇ. ಹದಿನೈದು ದಿನಕ್ಕೆ. ಸಿದ್ದಣ್ಣನ ಹೆಸರು ಇರಲಿಲ್ಲ.'

ಬೈಯುತ್ತಾಳೆ, ಇಲ್ಲವೇ ಎದೆ ಬಡಿದುಕೊಂಡು ಅಳುತ್ತಾಳೆ ಎಂದು ಕಾದೆ. ಅವಳು ನನ್ನ ಮುಖ ನೋಡಿ, 'ಆಗ ನಿಂಗೆಷ್ಟು ವರ್ಸ?' ಎಂದು ಕೇಳಿದಳು. ಹನ್ನೊಂದೋ ಹನ್ನೆರಡೋ ಎಂದೆ. 'ಅಷ್ಟು ಸಣ್ ಮಗ. ಇಷ್ಟು ದಿನ ಒಬ್ಳೇ ಮಡಿಕ್ಕಂಡಿದ್ಯಾ' ಎಂದು, ಬೆರಳಿಗೆಲ್ಲ ಅಂಟು ಇದ್ದುದರಿಂದ ಅಂಗೈಯ ಹಿಂಬದಿಯಿಂದ ನನ್ನ ಕಣ್ಣೊರೆಸಿದಳು. ಅಳುತ್ತಿದ್ದವಳು ನಾನು. ಅವಳಲ್ಲ.

'ಅದ್ರಲ್ಲಿ ಇಲ್ದೆ ಇರ್ಬೋದು ಕಣವ್ವ' ಎಂದಳು ಆಮೇಲೆ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. 'ಒಂದೇ ಪೇಪರ್ನಾಗೆ ಎಲ್ರುನ್ನೂವೆ ಬರೆಯಕ್ಕಾಯ್ತದಾ?'

ಹಾಗೆನ್ನುತ್ತ ಮುಂದಿನ ಹಾಳೆಯನ್ನು ಎಳೆದುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ನಾನು ಪಕ್ಕದಲ್ಲಿ ಕೂತು, ಆ ಬೆರಳು ಕೊನೆಯ ಸಾಲು ಮುಟ್ಟುವ ತನಕ ಕಾದೆ. ಮುಟ್ಟಿದ ಮೇಲೆ ಅವಳು ಹಾಳೆಯನ್ನು ಮಡಿಸಿ ಕತ್ತರಿಸಿದಳು.